ಬಸ್ಸು ಹತ್ತಿದ ಸಮುದ್ರದ ಮೀನು

ಇವತ್ತು ಬೆಳಿಗ್ಗೆ ಹಾಲು ಆರಿಸಲೆಂದು ಲೋಟ ಎತ್ತಿ ಸುರಿಯುತ್ತಿದ್ದೆ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಅಡುಗೆಮನೆಯಿಂದ ನೇರ ಎಷ್ಟೋ ವರ್ಷ ಹಿಂದಿನ ಕಲ್ಯಾಣದುರ್ಗದ ಬಸ್ಸಿಗೆ ಹೋಗಿಬಿಟ್ಟೆ. ಅರ್ಧ ಹಾಲು ಕಟ್ಟೆಯ ಮೇಲೆ!

ನಿಮಗೆ ನಮ್ಮ ಚಿಕ್ಕಮ್ಮನನ್ನು ಪರಿಚಯಿಸಬೇಕು. ಆಗ ಆಂಧ್ರದ ಹಿಂದೂಪುರದಲ್ಲಿ ನರ್ಸ್, ಒಂಟಿ ಜೀವ. ಎಲ್ಲರ ಕೈಗೂ ಮೊಬೈಲ್ ಹೊಸದಾಗಿ ಬರುತ್ತಿದ್ದ ಕಾಲ. ಚಿಕ್ಕಮ್ಮನಿಗೆ ಮಾತ್ರ ಬೇರೆಯದೇ ಹುಚ್ಚು. ನಡುಮನೆಯಲ್ಲಿ ಗಾಜಿನ ತೊಟ್ಟಿ, ಉಪ್ಪುನೀರು, ಜೀವಂತ ಹವಳ, ಒಂದು ಏಂಜೆಲ್ ಮೀನು. ಅದರ ಕಡುನೀಲಿ ಮೈಮೇಲೆ ಸುಣ್ಣದಲ್ಲಿ ಬರೆದಂಥ ಬಿಳಿ ಬಳೆಗಳು. ಹವಳಕ್ಕೆ ಬಾಯಿ ಹಾಕಿತೋ, "ಲೇ, ಅದು ನಿನ್ ಅನ್ನ ಅಲ್ಲ ಕಣ್ಲಾ!" ಎಂದು ಗದರುತ್ತಿದ್ದಳು.

ಅವಳಿಗೆ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ತೊಟ್ಟಿ, ಹವಳ, ತೊಟ್ಟಿಯದೇ ಉಪ್ಪುನೀರು ತುಂಬಿದ ಕ್ಯಾನುಗಳು ಹಿಂದಿನ ದಿನವೇ ಹೋಗಿದ್ದವು. ಮೀನನ್ನು ಬಕೆಟ್ಟಿಗೆ ಹಾಕಿ, ಗಾಳಿಯೂದುವ ಬ್ಯಾಟರಿ ಪಂಪು ಸಿಕ್ಕಿಸಿ ನಾವಿಬ್ಬರೂ ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ಪಂಪು ನಿಂತಿತು. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ಬಿ.ಎಸ್ಸಿ. ಓದುತ್ತಿದ್ದ ನಾನು ಮಾಡಿದ ಸಹಾಯವೆಂದರೆ ಜೋರಾಗಿ ಅತ್ತದ್ದು.

ಪಕ್ಕದಲ್ಲಿದ್ದ ಸೆಟ್ಟೂರಿನ ಅಜ್ಜಿ ನೀರಿಗೆ ಬೆರಳದ್ದಿ ನೆಕ್ಕಿದಳು. "ಅಯ್ಯೋ, ಉಪ್ಪು ಕಣಮ್ಮ! ದಿಟವಾಗ್ಲೂ ಸಮುದ್ರದ್ದೇಯಾ?"

"ಹೂಂ ಅವ್ವ," ಎಂದಳು ಚಿಕ್ಕಮ್ಮ. "ಗಾಳಿ ಇಲ್ದೆ ಸಾಯ್ತೈತೆ. ನೀರು ಎತ್ತೆತ್ತಿ ಸುರೀಬೇಕು."

"ಅಷ್ಟೇ ತಾನೆ? ತತ್ತಾ ಇಲ್ಲಿ!"

ಅಜ್ಜಿ ಚಿಕ್ಕಮ್ಮನ ಕೈಲಿದ್ದ ಪ್ಲಾಸ್ಟಿಕ್ ಲೋಟ ಕಸಿದುಕೊಂಡು ಶುರುಮಾಡಿದಳು. ಅವಳ ಕೈ ಸೋತಾಗ ಹಿಂದಿನ ಸೀಟಿನವರು, ಆಮೇಲೆ ಬಳೆ ಮಾರುವಾಕೆ, ಆಮೇಲೆ ಇಡೀ ಬಸ್ಸೇ ಸರದಿಗೆ ನಿಂತಿತು. ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ ತೆಲುಗಿನಲ್ಲಿ "ಚೇಪ ಬಾಗುಂದಾ ಅಮ್ಮಾ?" ಎಂದು ಮೀನಿನ ಕ್ಷೇಮ ವಿಚಾರಿಸಿಯೇ ಸೀಟಿ ಊದುತ್ತಿದ್ದ. ನೀರು ಸಿಡಿದು ಯಾರ ಬಟ್ಟೆಯೂ ಒಣಗಿ ಉಳಿಯಲಿಲ್ಲ.

ಕಲ್ಯಾಣದುರ್ಗದಲ್ಲಿ ಇಳಿದ ಅಜ್ಜಿ, ತಾನು ಹಿಡಿಯಬೇಕಿದ್ದ ಸೆಟ್ಟೂರಿನ ಬಸ್ಸು ಬಿಟ್ಟು ನಮ್ಮ ಜೊತೆ ಮನೆಗೇ ಬಂದಳು. ತೊಟ್ಟಿಗೆ ಬಿಟ್ಟೊಡನೆ ಮೀನು ಕಲ್ಲಿನ ಪಕ್ಕ ವಾಲಿಕೊಂಡು ಬಿದ್ದಿತು. ಮೂವರೂ ಗಾಜಿಗೆ ಮೂಗೊತ್ತಿ ನಿಂತೆವು. ಎಷ್ಟೋ ಹೊತ್ತಿನ ಮೇಲೆ ಬಾಲ ಒಮ್ಮೆ ಮಿಡಿಯಿತು, ಮೈ ನೆಟ್ಟಗಾಯಿತು. "ಎದ್ದ ಕಣಮ್ಮ, ಎದ್ದ!" ಎಂದು ಅಜ್ಜಿ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟಳು.

ಈಗಷ್ಟೇ ಚಿಕ್ಕಮ್ಮನಿಗೆ ಫೋನು ಮಾಡಿದೆ. ನಿವೃತ್ತಿಯಾದರೂ ಅಲ್ಲೇ ಇದ್ದಾಳೆ. "ಆವತ್ತು ಮೀನು ಸತ್ತಿದ್ರೆ ಏನ್ ಮಾಡ್ತಿದ್ದೆ ಚಿಕ್ಕಮ್ಮ?"

"ರಾಜೀನಾಮೆ ಬರ್ದು ಬ್ಯಾಗ್ನಾಗೆ ಇಕ್ಕೊಂಡಿದ್ದೆ ಕಣೇ. ಗುರುತಿಲ್ದ ಊರು, ಒಬ್ಳೇ ಹೆಂಗಿರೋದು, ಸರಿಬರ್ದಿದ್ರೆ ಕೊಟ್ಬುಡಾನ ಅಂತ. ಬಸ್ಸು ಇಳಿಯೋ ಹೊತ್ಗೆ ಅರ್ಧ ಊರೇ ಪರಿಚಯ ಆಗ್ಬುಟ್ಟಿತ್ತಲ್ಲ!"

ಇಷ್ಟು ವರ್ಷ ಇದನ್ನು ಮೀನು ಬದುಕಿದ ಕಥೆಯೆಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. "ಭಾನುವಾರ ಬತ್ತೀನಿ" ಎಂದೆ.