ಕೂರಲು ಜಾಗವಿಲ್ಲದ ದೋಣಿಮನೆ

ಅಮೆರಿಕದ ಮೇನ್ ಸೀಮೆಯ ಸರೋವರಗಳ ದಡದಲ್ಲಿ ಮಕ್ಕಳ ಬೇಸಿಗೆ ಶಿಬಿರಗಳಿಗೆ ಬರವಿಲ್ಲ. ಅಲ್ಲಿ ಕುಣಿತ ಹೇಳಿಕೊಡುವವರಿಗೂ ಬರವಿಲ್ಲ. ಆದರೆ ನಲವತ್ತೊಂದು ಬೇಸಿಗೆಗಳ ಕಾಲ ಒಂದೇ ಶಿಬಿರದಲ್ಲಿ, ಹಿಂದೆ ದೋಣಿಗಳನ್ನಿಡುತ್ತಿದ್ದ ಒಂದೇ ಹಳೆಯ ದೋಣಿಮನೆಯಲ್ಲಿ, ಒಂದು ಮಗುವನ್ನೂ ಕೂರಗೊಡದೆ ಕುಣಿಸಿದವರು ಲೊರೆಟ್ಟಾ ಪೆಲ್ಕಿಯವರೊಬ್ಬರೇ. ಅವರ ನಿವೃತ್ತಿಯ ಈ ಸಂಪುಟಕ್ಕೆ ನಾಲ್ಕು ಮಾತು ಬರೆದುಕೊಡಬೇಕೆಂದೂ ಆ ಮಾತು ಸೌಮ್ಯವಾಗಿರಬೇಕೆಂದೂ ಶಿಬಿರದ ಆಡಳಿತ ಸಮಿತಿಯವರು ಕೇಳಿದ್ದಾರೆ. ಮೊದಲನೆಯದಕ್ಕೆ ಒಪ್ಪಿದ್ದೇನೆ.

ಕಾಗದದ ಗಿರಣಿಯ ಊರಿನಿಂದ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಬಂದ ಪೆಲ್ಕಿಯವರು ಮೊದಲ ದಿನವೇ ಗೋಡೆಗುಂಟ ಇದ್ದ ಬೆಂಚುಗಳನ್ನೆಲ್ಲ ಹೊರಗೆ ಹಾಕಿಸಿದರಂತೆ. ಬಾಗಿಲು ದಾಟಿದವರು ಕುಣಿಯಬೇಕು, ಕುಣಿಯದವರು ದಾಟಬಾರದು. ಹಾಲಿನ ವ್ಯಾನಿನವನು ಕುಣಿದ. ತಪಾಸಣೆಗೆ ಬಂದ ಆರೋಗ್ಯಾಧಿಕಾರಿಗಳು ಎರಡು ಸುತ್ತು ಹಾಕಿದ ಮೇಲೆಯೇ ಷರಾ ಬರೆದರು.

ನಾನು ಅಲ್ಲಿಗೆ ಹೋದಾಗ ನನಗೆ ಒಂಬತ್ತು ವರ್ಷ. ಶಾಲೆಯಲ್ಲಿ ನಾನು, ಬೇರೆಯವರು ಕುಣಿಯುವಾಗ ಕೂತೇ ಇರುವ ಬೆಂಚಿನ ಹುಡುಗಿ. ಕುಣಿತದ ತರಗತಿಯೆಂದರೆ ನನಗೆ ಹೊಟ್ಟೆನೋವು ಬರುತ್ತಿತ್ತು. ದೋಣಿಮನೆಯಲ್ಲಿ ಬೆಂಚೇ ಇಲ್ಲದ್ದು ಕಂಡು ಆ ಹೆಂಗಸಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಮಿಸ್ ಪೆಲ್ಕಿ, ನಂಗೆ ಹೊಟ್ಟೆನೋವು" ಎಂದೆ.

"ಹೌದಾ ಪುಟ್ಟಿ? ಹಾಗಾದ್ರೆ ಹೊಟ್ಟೆ ಹಿಡ್ಕೊಂಡೇ ಕುಣಿ. ನಂಗೆ ಮಂಡಿನೋವು, ನಾನೇನು ಮಲಗಿದೀನಾ?"

ಹೊಟ್ಟೆ ಹಿಡಿದು, ಅಳುತ್ತ, ಸೊಟ್ಟಗೆ ನಾಲ್ಕು ಹೆಜ್ಜೆ ಹಾಕಿದೆ. ಮರುದಿನ ಪೆಲ್ಕಿಯವರು ಅದೇ ನಾಲ್ಕು ಹೆಜ್ಜೆಗಳನ್ನು, ಕೈ ಹೊಟ್ಟೆಯ ಮೇಲಿಟ್ಟು, ಇಡೀ ತರಗತಿಗೆ ಪಾಠ ಮಾಡಿದರು. ಅದಕ್ಕೆ 'ಹೊಟ್ಟೆನೋವಿನ ಹೆಜ್ಜೆ' ಎಂದು ಹೆಸರಾಯಿತು. ನನ್ನನ್ನು ನೋಡಿ ಯಾರೂ ನಗಲಿಲ್ಲ, ತಮ್ಮ ಹೆಜ್ಜೆ ಸರಿಯಿದೆಯೇ ಎಂದು ನನ್ನನ್ನೇ ಕೇಳಿದರು. ಅಷ್ಟು ದೊಡ್ಡ ಮರ್ಯಾದೆ ನನಗೆ ಆಮೇಲೆ ಯಾರಿಂದಲೂ ಸಿಕ್ಕಿಲ್ಲ.

ಅದೇ ಬೇಸಿಗೆ, ಹೆತ್ತವರು ಮಕ್ಕಳನ್ನು ನೋಡಲು ಬರುವ ದಿನ, ಅಂದಿನ ನಿರ್ದೇಶಕರಾದ ಟ್ರಾಸ್ಕ್ ಅವರು ನಲವತ್ತು ಬೆಂಚು ತರಿಸಿ, ಚೆನ್ನಾಗಿ ಕುಣಿಯುವ ಹನ್ನೆರಡು ಮಕ್ಕಳನ್ನು ಮುಂದೆ ನಿಲ್ಲಿಸಿ, ಮಿಕ್ಕವರನ್ನು ಕೂರಿಸಬೇಕೆಂದು ಅಪ್ಪಣೆ ಮಾಡಿದರು. ಪೆಲ್ಕಿಯವರು ನಮ್ಮಿಂದಲೇ ಬೆಂಚುಗಳನ್ನು ಹೊರಿಸಿ ಸರೋವರದ ದಡದಲ್ಲಿ ಸಾಲಾಗಿ ಇಡಿಸಿದರು.

"ಮುಂದಿನ ವರ್ಷ ನೀವು ಬರೋದು ಬೇಡ" ಎಂದರು ಟ್ರಾಸ್ಕ್, ಎಲ್ಲರೆದುರಿಗೇ.

"ಆಗ್ಲಿ ಸಾರ್. ಈ ವರ್ಷ ಇನ್ನೂ ಮುಗಿದಿಲ್ಲ. ಬಾಗಿಲು ದಾಟಿದೀರಿ, ಕುಣೀರಿ."

ಟ್ರಾಸ್ಕ್ ಹಿಂದೆ ಸರಿದು ಬಾಗಿಲಾಚೆ ನಿಂತರು. ನಾನು ಹೋಗಿ ಅಪ್ಪನ ಕೈ ಎಳೆದೆ. ಮರದ ದಿಮ್ಮಿಗಳ ಲಾರಿ ಓಡಿಸುವ ಆರಡಿ ಎತ್ತರದ ಆಸಾಮಿ ನಮ್ಮಪ್ಪ, ಕಿವಿಯವರೆಗೂ ಕೆಂಪಾಗಿ, "ಬೇಡ ಕಣಮ್ಮಾ, ನಂಗೆ ಹೊಟ್ಟೆನೋವು" ಎಂದುಬಿಟ್ಟರು. ಎಪ್ಪತ್ತು ಮಕ್ಕಳು ಹೋ ಎಂದು ಅವರನ್ನು ಸುತ್ತುವರಿದು ಆ ಹೆಜ್ಜೆ ಕಲಿಸಿದರು. ಹೆತ್ತವರೆಲ್ಲ ಕುಣಿದರು. ಮುಂದಿನ ವರ್ಷ ಪೆಲ್ಕಿಯವರಿಗೆ ಕರೆ ಎಂದಿನಂತೆ ಬಂತು. ಟ್ರಾಸ್ಕ್ ಅವರಿಗೆ ಬರಲಿಲ್ಲ.

ಈಗ ಸಮಿತಿಯವರು ಆ ದೋಣಿಮನೆಯಲ್ಲಿ ನೂರಿಪ್ಪತ್ತು ಆಸನಗಳ ಮೆಟ್ಟಿಲಸಾಲು ಕಟ್ಟಿಸಿ, ಅದಕ್ಕೆ 'ಪೆಲ್ಕಿ ಪ್ರೇಕ್ಷಾಂಗಣ'ವೆಂದು ಹೆಸರಿಡುತ್ತಾರಂತೆ. ಇದು ಗೌರವವಲ್ಲ, ಮಹನೀಯರೇ, ಸೇಡು. ಅವರ ಜಾಗಕ್ಕೆ ನೀವು ನೇಮಿಸಿರುವುದು ನನ್ನನ್ನು, ಆ ಬೆಂಚಿನ ಹುಡುಗಿಯನ್ನು. ಆಸನ ಹಾಕಿದ ದಿನ ನಾನೂ ನನ್ನ ಎಪ್ಪತ್ತು ಮಕ್ಕಳೂ ಅವನ್ನು ದಡಕ್ಕೆ ಹೊರುತ್ತೇವೆ. ದಾರಿ ನಮಗೆ ಗೊತ್ತಿದೆ.

ಪೆಲ್ಕಿಯವರು ನೂರು ಬೇಸಿಗೆ ಕಾಣಲಿ, ಪ್ರತಿ ಬೇಸಿಗೆಯೂ ಇಲ್ಲಿಗೆ ಬರಲಿ. ಅವರ ಮಂಡಿ ಈಗ ನಿಜವಾಗಿಯೂ ಹೋಗಿದೆ, ಊರುಗೋಲು ಹಿಡಿದೇ ಬರುತ್ತಾರೆ. ಬರಲಿ. ಕೂರಲು ಜಾಗ ಮಾತ್ರ ಇರುವುದಿಲ್ಲ ಮಿಸ್ ಪೆಲ್ಕಿ. ಎರಡೂ ಕಡೆಯಿಂದ ನಿಮ್ಮ ಕೈ ಹಿಡಿದುಕೊಳ್ಳುತ್ತೇವೆ.