ಯಾವ ‘ನಾವು’?

ಅಮೆರಿಕದ ವಕೀಲರ ಕಚೇರಿಯಿಂದ ಬಂದ ಪ್ರಶ್ನೆ ಒಂದೇ ಸಾಲಿನದು: ನಿಮ್ಮ ಹೇಳಿಕೆಯಲ್ಲಿ ಎಲ್ಲ ಕಡೆ ‘ನಾವು’ ಎಂದಿದೆ, ಈ ನಾವು ಯಾರು?

ವಾರಿಜಾ ಕರ್ಕೇರ ಅದನ್ನು ಮಣಿಪಾಲದ ತನ್ನ ಬಾಡಿಗೆ ಕೋಣೆಯಲ್ಲಿ ಓದಿದಳು. ಉತ್ತರ ಬರೆಯಹೊರಟು ನಿಲ್ಲಿಸಿದಳು. ವಿಜ್ಞಾನದ ಬರವಣಿಗೆಯಲ್ಲಿ ‘ನಾನು’ ಎನ್ನುವುದು ಒರಟುತನ ಎಂದು ಕಲಿತವಳು ಅವಳು. ಕಾಪುವಿನ ಮನೆಯಲ್ಲಿಯೂ ನಾನು ನಾನು ಎಂದವರ ತಲೆಗೆ ಅಮ್ಮ ಮೊಟಕುತ್ತಿದ್ದಳು. ಹೀಗಾಗಿ ತಾನೊಬ್ಬಳೇ ಮಾಡಿದ್ದನ್ನೂ ನಾವು ಮಾಡಿದೆವು ಎಂದೇ ಬರೆದಿದ್ದಳು.

ಮಾಡಿದ್ದು ಸಣ್ಣ ಕೆಲಸವಲ್ಲ. ಅಳಿವೆಯ ಕೆಸರಿನಲ್ಲಿ ಸಿಗುವ ಮರುವಾಯಿ ಎಂಬ ಚಿಪ್ಪಿನ ಜೀವಿ ಕರಾವಳಿಯವರಿಗೆ ಪ್ರಿಯ. ಅದರೊಳಗೆ ಕೆಲವೊಮ್ಮೆ ಒಂದು ರೋಗಾಣು ಸೇರಿಕೊಳ್ಳುತ್ತದೆ. ಪಿತ್ತಜನಕಾಂಗ ಕೆಟ್ಟವರು ತಿಂದರೆ ಬದುಕುವುದು ಕಷ್ಟ. ಮೊದಲು ಅದನ್ನು ಪತ್ತೆ ಮಾಡಲು ದಿನಗಳು ಹಿಡಿಯುತ್ತಿದ್ದವು, ಅಷ್ಟರಲ್ಲಿ ತಿಂದವರು ತಿಂದು ಮುಗಿಸಿರುತ್ತಿದ್ದರು. ವಾರಿಜಾಳ ವಿಧಾನದಲ್ಲಿ ಬೆಳಿಗ್ಗೆ ಇಟ್ಟರೆ ಸಂಜೆಗೆ ಉತ್ತರ. ಅಮೆರಿಕದ ತೀರದ ಸಿಂಪಿಗಳಲ್ಲಿಯೂ ಅದೇ ರೋಗಾಣು ಇರುವುದರಿಂದ ಅಲ್ಲಿನ ಪ್ರಯೋಗಾಲಯಗಳು ಈ ವಿಧಾನವನ್ನು ಎತ್ತಿಕೊಂಡಿದ್ದವು.

ಇಂಥ ಸಂಶೋಧಕರಿಗೆ ಒಂದು ದಾರಿ ಇದೆ. ತಮ್ಮ ಕೆಲಸ ಆ ದೇಶಕ್ಕೆ ಬೇಕಾದದ್ದು ಎಂದು ತೋರಿಸಿಕೊಟ್ಟರೆ, ಕೆಲಸಕ್ಕೆ ಕರೆದವರಿಲ್ಲದೆಯೂ ಅಲ್ಲಿ ನೆಲೆಸಲು ತಾವೇ ಅರ್ಜಿ ಹಾಕಬಹುದು. ವಾರಿಜಾ ಹಾಕಲು ಹೊರಟದ್ದು ಆ ಅರ್ಜಿ. ಮಣಿಪಾಲದಲ್ಲಿ ಅವಳದು ಎಂದೂ ಖಾಯಂ ಆಗದ ಹುದ್ದೆ. ಪ್ರಾಯ ನಲವತ್ತೈದು ದಾಟಿತ್ತು. ಅಲ್ಲಿ ಅವಳಿಗೆ ಶತ್ರುಗಳಿರಲಿಲ್ಲ. ಊಟಕ್ಕೆ ಕರೆಯುವವರೂ ಇರಲಿಲ್ಲ.

ಅರ್ಜಿಗೆ ಎರಡು ಬಗೆಯ ಪತ್ರಗಳು ಬೇಕು: ಅವಳನ್ನು ಎಂದೂ ಕಾಣದೆ ಅವಳ ಕೆಲಸವನ್ನು ಬಲ್ಲವರದು, ಜೊತೆಗೆ ಕೆಲಸ ಮಾಡಿದವರದು. ಕಾಣದವರ ಪತ್ರಗಳು ಸಲೀಸಾಗಿ ಬಂದವು. ಒಬ್ಬರಂತೂ ಅವಳನ್ನು ಗಂಡಸೆಂದೇ ತಿಳಿದು ಹೊಗಳಿದ್ದರು, ತಿದ್ದಿಸಬೇಕಾಯಿತು. ಕಂಡವರ ಪತ್ರ ಬರಬೇಕಾದದ್ದು ಅವಳ ಮಾರ್ಗದರ್ಶಕರಾಗಿದ್ದು ಈಗ ನಿವೃತ್ತರಾಗಿ ಕಾರ್ಕಳದಲ್ಲಿರುವ ಡಾ. ಕೃಷ್ಣರಾಜರಿಂದ. ಇಂಥ ಪತ್ರಗಳ ಕರಡನ್ನು ಕೇಳುವವರೇ ಬರೆದುಕೊಡುವುದು ರೂಢಿ. ‘ಈ ವಿಧಾನವನ್ನು ರೂಪಿಸಿದವಳು ವಾರಿಜಾ’ ಎಂಬ ಒಂದು ವಾಕ್ಯ ಇರಲೇಬೇಕು ಎಂದು ವಕೀಲರು ತಿಳಿಸಿದರು. ಅದನ್ನು ಸೇರಿಸಿ ಕರಡು ಬರೆದುಕೊಂಡು ಅವಳು ಭಾನುವಾರ ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸು ಹತ್ತಿದಳು.

ಬಾಗಿಲು ತೆರೆದವರು ಕೃಷ್ಣರಾಜರ ಹೆಂಡತಿ ಸುಭಾಷಿಣಿ. “ಎಂತ ವಾರಿಜಾ, ಇಷ್ಟು ಸೊರಗಿದ್ದಿ? ಮಣಿಪಾಲದಲ್ಲಿ ಅನ್ನ ಸಿಗುವುದಿಲ್ಲವಾ?”

“ಸಿಗ್ತದೆ ಅಕ್ಕ. ಒಬ್ಬಳಿಗೆ ಬೇಯಿಸಲು ಉದಾಸೀನ.”

ಕೃಷ್ಣರಾಜರು ಕನ್ನಡಕ ಏರಿಸಿ ಕರಡು ಓದಿದರು. “ಇಂಗ್ಲಿಷ್ ಒಳ್ಳೆಯದುಂಟು. ಈ ಒಂದು ವಾಕ್ಯ ಮಾತ್ರ...”

“ಅದೇ ಮುಖ್ಯ ಸರ್.”

“ಅಲ್ಲ ಮಾರಾಯ್ತಿ, ಅದು ಎಂಕುಲು ಮಾಡಿದ ಕೆಲಸ ಅಲ್ವಾ?”

ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಈ ಒಂದು ಪದವನ್ನು ಹಾಗೆಯೇ ಬಿಡಬೇಕು. ತುಳುವಿನಲ್ಲಿ ‘ನಾವು’ ಎರಡು. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಅವರನ್ನು ಹೊರಗಿಟ್ಟರೆ ‘ಎಂಕುಲು’. ‘ನಮ’ ಎಂದರೆ ಊಟಕ್ಕೆ ನೀನೂ ಬಾ. ‘ಎಂಕುಲು’ ಎಂದರೆ ನಮ್ಮ ಊಟ ಆಗಲಿ, ನೀನು ಹೊರಡು.

ವಾರಿಜಾ ಕಾಫಿಯ ಲೋಟ ಕೆಳಗಿಟ್ಟಳು. “ಎಂಕುಲು ಅಂದರೆ ಯಾರು ಸರ್?”

“ಯಾರು ಅಂದರೆ? ನಾನು, ಗುರುಪ್ರಸಾದ್... ಡಿಪಾರ್ಟ್‌ಮೆಂಟ್.”

“ಅವಳು ನಿಮ್ಮ ಎದುರೇ ಕೂತಿದ್ದಾಳೆ,” ಎಂದರು ಸುಭಾಷಿಣಿ. “‘ನಮ’ ಅಂದರೆ ನಾಲಿಗೆ ಸವೆಯುತ್ತದಾ?”

“ನಿನ್ನದೊಂದು ವ್ಯಾಕರಣ! ಬಾಯಿ ತಪ್ಪಿತು, ಅಷ್ಟೆ.”

ಬಾಯಿ ತಪ್ಪಿರಲಿಲ್ಲ. ತುಳು ಕಲಿಯುವ ಮಗುವಿಗೂ ಅಲ್ಲಿ ಬಾಯಿ ತಪ್ಪುವುದಿಲ್ಲ. ಅವರಲ್ಲಿ ದ್ವೇಷವೂ ಇರಲಿಲ್ಲ. ದ್ವೇಷವಿದ್ದರೆ ಎಚ್ಚರಿಕೆಯಿಂದ ‘ನಮ’ ಎನ್ನುತ್ತಿದ್ದರು. ಆ ಪ್ರಯೋಗ ನಡೆದ ಕೋಣೆ ಅವರ ನೆನಪಿನಲ್ಲಿತ್ತು, ಆ ನೆನಪಿನ ಕೋಣೆಯಲ್ಲಿ ಅವಳು ಇರಲಿಲ್ಲ.

ಅವರು ಆ ವಾಕ್ಯವನ್ನು ಹೊಡೆದು, ‘ನಾವು ರೂಪಿಸಿದೆವು’ ಎಂದು ಇಂಗ್ಲಿಷಿನಲ್ಲಿ ತಿದ್ದಿ, ಸಹಿ ಹಾಕಿದರು. “ಇಂಗ್ಲಿಷಿನಲ್ಲಿ ಒಂದೇ ನಾವು. ಎಲ್ಲರೂ ಬಂದರು, ನೀನೂ ಬಂದೆ. ಸಾಕಲ್ಲ?”

ಸಾಕಾಗುತ್ತಿತ್ತೋ ಏನೋ. ಅಮೆರಿಕದ ಅಧಿಕಾರಿಗೆ ಆ ಪದದಲ್ಲಿ ಅವಳು ಕಾಣುತ್ತಿದ್ದಳು. ಅವಳಿಗೇ ಕಾಣುತ್ತಿರಲಿಲ್ಲ.

“ಬೇಡ ಸರ್,” ಎಂದು ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದಳು.

“ಇದಿಲ್ಲದೆ ನಡೆಯುತ್ತದಾ ನಿನಗೆ?”

“ಗೊತ್ತಿಲ್ಲ.”

ವಕೀಲರು ಎಚ್ಚರಿಸಿದರು: ಗುರುವಿನ ಪತ್ರವಿಲ್ಲದ ಅರ್ಜಿ ಬಡವಾಗುತ್ತದೆ. ವಾರಿಜಾ ತನ್ನ ಹೇಳಿಕೆಯನ್ನು ಮೊದಲಿನಿಂದ ಬರೆದಳು. ‘ನಾನು’ ಎಂದು ಬರೆದಾಗಲೆಲ್ಲ ಯಾರದೋ ವಸ್ತುವನ್ನು ಕೈಗೆತ್ತಿಕೊಂಡಂತೆ ಆಗುತ್ತಿತ್ತು, ಆದರೂ ಬರೆದಳು. ಪರೀಕ್ಷೆಯ ಮಾದರಿಯನ್ನು ಮೊದಲು ತಣ್ಣಗಿಡಬೇಕೆಂಬುದು ಮಾತ್ರ ಕೃಷ್ಣರಾಜರ ಸಲಹೆ. ಅಲ್ಲಿ ಅವರ ಹೆಸರನ್ನೇ ಹಾಕಿದಳು. ಉಳಿದ ಕಡೆ ಬಿಟ್ಟುಕೊಡಲಿಲ್ಲ.

ಅರ್ಜಿ ಮರುವರ್ಷ ಮಂಜೂರಾಯಿತು. ಆದರೆ ಭಾರತದಲ್ಲಿ ಹುಟ್ಟಿದವರ ಸಾಲು ಉದ್ದ. ಮಂಜೂರಾದ ಮೇಲೂ ಸರದಿ ಬರುವವರೆಗೆ ಕಾಯಬೇಕು. ಸುದ್ದಿ ಡಿಪಾರ್ಟ್‌ಮೆಂಟಿಗೆ ತಲುಪಿತು. ಈಗಿನ ಮುಖ್ಯಸ್ಥ ಗುರುಪ್ರಸಾದ್ ಅವಳನ್ನು ನಿಲ್ಲಿಸಿ, ಕೃಷ್ಣರಾಜರು ‘ನಮ್ಮ ಹುಡುಗಿ’ ಎಂದು ಹೆಮ್ಮೆಪಟ್ಟರೆಂದು ಹೇಳಿದ. ಕನ್ನಡದಲ್ಲಿ ಹೇಳಿದರೋ ತುಳುವಿನಲ್ಲೋ ಎಂದು ಅವಳು ಕೇಳಲಿಲ್ಲ.

ಮಲ್ಪೆಯಲ್ಲಿ ಬೋಟಿಗೆ ಹೋಗುವ ತಮ್ಮ ಪ್ರವೀಣನಿಗೆ ತಾನೇ ಫೋನ್ ಮಾಡಿದಳು.

“ಯಾವಾಗ ಹೊರಡುವುದು ಅಕ್ಕ?”

“ಸರದಿ ಬರಬೇಕು. ನಿವೃತ್ತಿಯ ಪ್ರಾಯ ಆಗಬಹುದು.”

“ಮತ್ತೆ ಸಿಕ್ಕಿದ್ದು ಎಂತ ಮಾರಾಯ್ತಿ?”

“ಅದು ನಾನು ಮಾಡಿದ್ದು ಅಂತ ಒಪ್ಪಿದ್ದಾರೆ.”

ಪ್ರವೀಣ ನಕ್ಕ. “ಅದು ನನಗೆ ಮೊದಲೇ ಗೊತ್ತಿತ್ತಲ್ಲ! ಆ ಮರುವಾಯಿ ಹೆಕ್ಕಿ ತಂದವ ಯಾರು? ನನಗೂ ಒಂದು ವೀಸಾ ಕೇಳು.”

ಅವಳೂ ನಕ್ಕಳು. ಅಷ್ಟರಲ್ಲಿ ಬೋಟಿನಿಂದ ಯಾರೋ ಕೂಗಿದರು. ಮತ್ತೆ ಮಾಡುತ್ತೇನೆ ಎಂದು ಅವನು ಫೋನ್ ಇಟ್ಟ. ಇನ್ನೂ ಸ್ವಲ್ಪ ಹೊತ್ತು ಮಾತಾಡುತ್ತಾನೆಂದು ಅವಳು ಎಣಿಸಿದ್ದಳು.