ಹೆಣ ಎದುರಾದಾಗ ಬಿಡದ ಶೂ

ಕೆಲಸಕ್ಕೆ ಹೋಗುವ ಸೈಕಲ್ಲಿಗೆ, ಶೂ ಕಚ್ಚಿಕೊಳ್ಳುವ ಆ ಪೆಡಲ್ ಇರಲೋ ಬೇಡವೋ ಎಂದು ನಿಮ್ಮನ್ನೆಲ್ಲ ಕೇಳಿದ್ದೆನಲ್ಲ ಗೆಳೆಯರೇ? ಇವತ್ತು ಬೆಳಿಗ್ಗೆ ತೀರ್ಮಾನವಾಯಿತು.

ಸತ್ಯಮಂಗಲದ ತಿರುವಿನಲ್ಲಿ ಎದುರಿಗೆ ಹೆಣ ಬಂತು. ಹೆಣ ಎದುರಾದರೆ ಸೈಕಲ್ ಇಳಿದು, ಚಪ್ಪಲಿ ಬಿಟ್ಟು ನಿಲ್ಲಬೇಕೆಂದು ಅಪ್ಪ ಕಲಿಸಿದ್ದರು. ಬ್ರೇಕ್ ಹಿಡಿದೆ. ಹಿಮ್ಮಡಿ ಹೊರಕ್ಕೆ ತಿರುಗಿಸಿದರೆ ಮಾತ್ರ ಈ ಶೂ ಪೆಡಲ್ ಬಿಡುತ್ತದೆ. ಗಾಬರಿಯಲ್ಲಿ ಕಾಲನ್ನು ಮೇಲಕ್ಕೆಳೆದೆ. ಸೈಕಲ್ ಸಮೇತ ಚಟ್ಟದ ಮುಂದೆಯೇ ಅಡ್ಡ ಬಿದ್ದೆ.

ತಮಟೆ ನಿಂತಿತು. ಹೊತ್ತವರೂ ನಿಂತರು.

“ಏನ್ಲಾ, ಕಾಲ್ ಕಟ್ಕೊಂಡು ಯಾರಾದ್ರೂ ಸೈಕಲ್ ತುಳೀತಾರಾ?” ಎಂದು ಹಿರಿಯರೊಬ್ಬರು ರೇಗಿದರು.

ಬೆಂಕಿಯ ಮಡಕೆ ಹಿಡಿದು ಬರಿಗಾಲಲ್ಲಿ ಮುಂದೆ ನಡೆಯುತ್ತಿದ್ದ ಮಗ ಮಾತ್ರ ಬಗ್ಗಿ ಕೇಳಿದ: “ಏಟಾಯ್ತಾ ಅಣ್ಣ? ನಿಧಾನಕ್ಕೆ ಎದ್ದೇಳಿ. ನಮ್ಮಪ್ಪಂಗೆ ಈಗ ಏನೂ ಅರ್ಜೆಂಟಿಲ್ಲ.”

ಹೇಗೋ ಕಾಲು ಬಿಡಿಸಿಕೊಂಡೆ, ಶೂ ಕಳಚಿ ಸಾಕ್ಸಿನಲ್ಲೇ ನಿಂತು ಕೈಮುಗಿದೆ.

ಸಂಜೆ ಹಳೇ ಪೆಡಲ್ ಹಾಕಿಸಿದೆ. ಹೊಸದರಿಂದ ದಿನಕ್ಕೆ ಐದು ನಿಮಿಷ ಉಳಿಯುತ್ತದೆ ಎಂದಿದ್ದಿರಿ. ನಿಜವೇ. ಹೆಚ್ಚುಕಡಿಮೆ ಅಷ್ಟೇ ಹೊತ್ತು ಇವತ್ತು ಸತ್ತವರೊಬ್ಬರು ನನಗಾಗಿ ಕಾದರು.